ಎರಡು ಅಂಕಿ, 180 ವರ್ಷ: ಮಹಾವೀರಾಚಾರ್ಯರ ಸಂಖ್ಯಾಹಾರದಿಂದ ನಾನು ಕಲಿತದ್ದು

ಈ ಸಲ ಹೊಸ ಶಾಸನದ ಪಾಠ ಕೊಡುತ್ತಿಲ್ಲ. ಒಂದು ಸಂಖ್ಯೆಯ ಬಗ್ಗೆ ಬರೆಯುತ್ತಿದ್ದೇನೆ: 12345654321. ಶಾಸನ ಓದುವವರಿಗೆ ಲೆಕ್ಕದ ಪಾಠ ಯಾಕೆ ಅಂತ ಹುಬ್ಬೇರಿಸಬೇಡಿ. ಈ ಸಂಖ್ಯೆ ಬರುವುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಗ್ರಂಥವೊಂದರಲ್ಲಿ. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ ಒಂದು ದೊಡ್ಡ ತಪ್ಪಿನ ಬುಡ ಎಲ್ಲಿದೆ ಅಂತ ನನಗೆ ತೋರಿಸಿಕೊಟ್ಟದ್ದು ಇದೇ ಸಂಖ್ಯೆ. ಮೊದಲು ಆ ತಪ್ಪಿನ ಕಥೆ ಹೇಳಿಬಿಡುತ್ತೇನೆ.

ಶಾಸನ ಓದುವ ಹುಚ್ಚು ಹಿಡಿದ ಹೊಸತು. ಭಾನುವಾರ ಬಂದರೆ ಸಾಕು, ನಾವು ನಾಲ್ಕೈದು ಜನ ಬೈಕು ಹತ್ತಿ ಯಾವುದಾದರೂ ಊರಿನ ಕಡೆ ಹೊರಡುತ್ತಿದ್ದೆವು. ಹಾಗೆ ಹೋದ ಒಂದು ಊರಿನಲ್ಲಿ, ಕೆರೆ ಏರಿಯ ಪಕ್ಕದ ಈಶ್ವರನ ಗುಡಿಯಲ್ಲಿ ಒಂದು ಕಲ್ಲು ಸಿಕ್ಕಿತು. ಮೇಲಿನ ಸಾಲುಗಳ ಮೇಲೆ ಯಾವುದೋ ಕಾಲದಲ್ಲಿ ಸುಣ್ಣ ಬಳಿದು, ಮತ್ತೆ ಕೆರೆದು, ಅಕ್ಷರಗಳೆಲ್ಲ ಹಾಳಾಗಿದ್ದವು. ರಾಜನ ಹೆಸರು ಹೋಗಿತ್ತು. ಮಾಸ, ತಿಥಿ, ವಾರ ಇದ್ದ ಸಾಲೂ ಹೋಗಿತ್ತು. ಕೆಳಗಡೆ ಒಂದು ಸಂಸ್ಕೃತ ಶ್ಲೋಕದ ತುಂಡು ಮಾತ್ರ ಉಳಿದಿತ್ತು. ಅದರಲ್ಲಿ ಇಂದು, ವೇದ, ನಯನ, ಚಂದ್ರ ಎಂಬ ನಾಲ್ಕು ಪದಗಳು. ಆಮೇಲೆ ಸಿದ್ಧಾರ್ಥಿ ಎಂಬ ಸಂವತ್ಸರದ ಹೆಸರು.

ಇಂದು ಅಂದರೆ ಚಂದ್ರ, ಅಂದರೆ ಒಂದು. ವೇದ ನಾಲ್ಕು. ನಯನ ಎರಡು. ಚಂದ್ರ ಮತ್ತೆ ಒಂದು. ನಾನು ಕಣ್ಣು ಓಡಿದ ದಿಕ್ಕಿನಲ್ಲೇ ಬರೆದುಕೊಂಡೆ: 1421. ಶಕ 1421, ಅಂದರೆ ಕ್ರಿ.ಶ. 1499-1500. ವಿಜಯನಗರ ಕಾಲ! ಆದರೂ ಅನುಮಾನ ಇರಬಾರದು ಅಂತ ಸಂವತ್ಸರ ಲೆಕ್ಕ ಹಾಕಿ ನೋಡಿದೆ. ಶಕ 1421 ಯಾವ ಸಂವತ್ಸರ? ಸಿದ್ಧಾರ್ಥಿ. ಕಲ್ಲಿನ ಮೇಲೆ ಇದ್ದದ್ದೂ ಸಿದ್ಧಾರ್ಥಿ. ಇನ್ನೇನು ಬೇಕು? ಊರಿನವರಿಗೆ ಹೇಳಿದೆ. ಅವರು ಖುಷಿಯಿಂದ ಗುಡಿಯ ಬಾಗಿಲ ಪಕ್ಕದಲ್ಲಿ ಒಂದು ಬೋರ್ಡು ಬರೆಸಿದರು: ಶಕ 1421ರ ಶಿಲಾಶಾಸನ. ಅದರ ಫೋಟೋ ತೆಗೆದು ನಾನು ಎಲ್ಲರಿಗೂ ಕಳಿಸಿದೆ.

ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಅವರು ಕಲ್ಲಿನ ಫೋಟೋ ನೋಡಿ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಕ್ಷರ ನೋಡಿದ್ಯೇನಪ್ಪಾ? ಇದು ಹೊಯ್ಸಳರ ಕೊನೇ ಕಾಲದ ಬರವಣಿಗೆ. ನೀನು ಇದನ್ನ ಎತ್ಕೊಂಡು ಹೋಗಿ ವಿಜಯನಗರದಲ್ಲಿ ಇಟ್ಟಿದ್ದೀಯಲ್ಲ."

"ಆದರೆ ಸಂವತ್ಸರ ಸರಿಹೋಯ್ತಲ್ಲ ಮೇಷ್ಟ್ರೇ?" ಅಂದೆ.

"ಸರಿಹೋಗದೆ ಏನು ಮಾಡುತ್ತೆ? ತಿರುಗಿಸಿ ಓದು. ಆಗಲೂ ಸರಿಹೋಗುತ್ತೆ."

ತಿರುಗಿಸಿದರೆ 1241. ಶಕ 1241, ಅಂದರೆ ಕ್ರಿ.ಶ. 1319-20. ಮೂರನೆಯ ಬಲ್ಲಾಳನ ಕಾಲ. ಸಂವತ್ಸರ? ಅದೂ ಸಿದ್ಧಾರ್ಥಿಯೇ! ನನಗೆ ಕೈಕಾಲು ತಣ್ಣಗಾಯಿತು.

ಪರೀಕ್ಷೆ ಯಾಕೆ ಮೋಸ ಮಾಡಿತು

ಪದಗಳಲ್ಲಿ ಅಂಕಿ ಹೇಳುವ ಈ ಪದ್ಧತಿಗೆ ಭೂತಸಂಖ್ಯೆ ಅನ್ನುತ್ತಾರೆ. ಆಕಾಶ ಅಂದರೆ ಸೊನ್ನೆ, ಚಂದ್ರ ಒಂದು, ನಯನ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ರಸ ಆರು, ಗಿರಿ ಏಳು, ವಸು ಎಂಟು, ನಿಧಿ ಒಂಬತ್ತು. ಛಂದಸ್ಸಿಗೆ ಒಗ್ಗುವ ಪದ ಹುಡುಕಿಕೊಳ್ಳಲು ಕವಿಗೆ ಅನುಕೂಲ. ಆದರೆ ಓದುವಾಗ ಒಂದು ನಿಯಮ ಮರೆಯಬಾರದು: ಅಂಕಿಗಳು ಎಡಕ್ಕೆ ನಡೆಯುತ್ತವೆ. ಮೊದಲು ಹೇಳಿದ ಪದ ಬಿಡಿ ಸ್ಥಾನದ್ದು, ಎರಡನೆಯದು ಹತ್ತರ ಸ್ಥಾನದ್ದು, ಮೂರನೆಯದು ನೂರರದ್ದು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದ ನಾನು ನಿಯಮವನ್ನು ಮಾತ್ರ ನುಂಗಿಬಿಟ್ಟಿದ್ದೆ.

ಆ ತಪ್ಪು ಎಲ್ಲ ಹೊಸಬರೂ ಮಾಡುವಂಥದ್ದು. ನನ್ನನ್ನು ಕಾಡಿದ್ದು ಬೇರೆ. ಸಂವತ್ಸರದ ಪರೀಕ್ಷೆ ನನ್ನನ್ನು ಹಿಡಿಯಬೇಕಿತ್ತು, ಯಾಕೆ ಹಿಡಿಯಲಿಲ್ಲ? ಮೇಷ್ಟ್ರು ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. 1421ರಲ್ಲಿ 1241 ಕಳೆದರೆ 180. ಸಂವತ್ಸರ ಚಕ್ರ 60 ವರ್ಷದ್ದು. 180 ಅಂದರೆ ಮೂರು ಪೂರ್ತಿ ಸುತ್ತು. ಹಾಗಾಗಿ ಎರಡು ವರ್ಷಗಳ ಹೆಸರೂ ಒಂದೇ.

ಇದು ಒಂದು ಕಲ್ಲಿನ ಮಟ್ಟಿಗೆ ಆದ ಅಚಾತುರ್ಯ ಅಲ್ಲ ಅನ್ನುವುದು ಮುಖ್ಯ. ಮೊದಲೂ ಕೊನೆಯೂ ಒಂದೇ ಅಂಕಿ ಇರುವ ಯಾವುದೇ ನಾಲ್ಕಂಕಿಯ ವರ್ಷವನ್ನು ತಿರುಗಿಸಿ ಓದಿದರೆ, ಬರುವ ವ್ಯತ್ಯಾಸ ನಡುವಿನ ಎರಡು ಅಂಕಿಗಳ ವ್ಯತ್ಯಾಸದ 90 ಪಟ್ಟು. ನೂರರ ಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಇಳಿದರೆ ಒಂದಕ್ಕೆ 90 ಹೋಗುತ್ತದೆ, ಹತ್ತರದ್ದು ನೂರಕ್ಕೆ ಏರಿದರೆ ಒಂದಕ್ಕೆ 90 ಬರುತ್ತದೆ, ಅಷ್ಟೇ. ಈಗ ಆ ಎರಡು ಅಂಕಿಗಳ ವ್ಯತ್ಯಾಸ ಸಮಸಂಖ್ಯೆ ಆಗಿದ್ದರೆ? ಆಗ ಒಟ್ಟು ವ್ಯತ್ಯಾಸ 180, 360, 540 ಹೀಗೆ. ಎಲ್ಲವನ್ನೂ 60 ನಿಶ್ಶೇಷವಾಗಿ ಭಾಗಿಸುತ್ತದೆ. ಅಂದರೆ ಸಂವತ್ಸರದ ಹೆಸರು ಖಂಡಿತವಾಗಿ ಒಂದೇ ಬರುತ್ತದೆ.

ಈ ಜೋಡಿಗಳನ್ನು ಒಮ್ಮೆ ನೋಡಿಕೊಳ್ಳಿ: ಶಕ 1021 ಮತ್ತು 1201, 1131 ಮತ್ತು 1311, 1241 ಮತ್ತು 1421, 1351 ಮತ್ತು 1531, 1461 ಮತ್ತು 1641. ಇವೆಲ್ಲ ಕನ್ನಡ ನಾಡಿನಲ್ಲಿ ಕಲ್ಲುಗಳು ದಂಡಿಯಾಗಿ ಸಿಗುವ ಶತಮಾನಗಳೇ. ಭೂತಸಂಖ್ಯೆಯಲ್ಲಿ ಇಂಥ ವರ್ಷ ಬಂದರೆ ಸಂವತ್ಸರದ ಸಾಕ್ಷಿಯನ್ನು ನಂಬಿ ಕೂರಬೇಡಿ. ಎರಡೂ ಕಡೆಗೆ ತಲೆ ಆಡಿಸುವ ಸಾಕ್ಷಿ ಅದು.

"ಅದಕ್ಕೇ ಹಾರ ಇರಬೇಕು ನೋಡು," ಅಂದರು ಮೇಷ್ಟ್ರು. "ಹಾರಕ್ಕೆ ಎಡ ಯಾವುದು, ಬಲ ಯಾವುದು?" ಅಂದವರೇ ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದರು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ.

ನೃಪತುಂಗನ ಕಾಲದ ಗಣಿತ

ಅಮೋಘವರ್ಷ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅಂತ ನಾವೆಲ್ಲ ಅವನನ್ನು ನೆನೆಯುತ್ತೇವೆ. ಅದೇ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿ ಇದೆ. ಜ್ಯೋತಿಷದ ಒಂದು ಅಂಗವಾಗಿ ಅಲ್ಲದೆ, ಗಣಿತವನ್ನೇ ಸ್ವತಂತ್ರವಾಗಿ ಹಿಡಿದು ಬರೆದ ಪುಸ್ತಕ ಇದು. ಅಡುಗೆಯಿಂದ ಹಿಡಿದು ಸಂಗೀತ, ವೈದ್ಯ, ವಾಸ್ತು, ಛಂದಸ್ಸಿನವರೆಗೆ ಗಣಿತ ಇಲ್ಲದೆ ಯಾವುದೂ ನಡೆಯುವುದಿಲ್ಲ ಅಂತ ಅವರು ಮೊದಲಿಗೇ ಹೇಳಿಬಿಡುತ್ತಾರೆ.

ಈ ಗ್ರಂಥ ಉಳಿದು ಬಂದದ್ದರಲ್ಲಿ ಕನ್ನಡ ಲಿಪಿಯ ಪಾತ್ರ ದೊಡ್ಡದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯಲ್ಲಿದ್ದವೂ ಇದ್ದವು, ಮೂಡುಬಿದಿರೆಯ ಜೈನ ಭಂಡಾರದ ತಾಳೆಗರಿಯೂ ಇತ್ತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು.

ಗುಣಾಕಾರ ಹೇಳಿಕೊಡುವ ಭಾಗದಲ್ಲಿ ಮಹಾವೀರಾಚಾರ್ಯರು ಒಂದಷ್ಟು ಸ್ವಾರಸ್ಯದ ಲೆಕ್ಕ ಕೊಡುತ್ತಾರೆ. ಉತ್ತರಗಳು ಸುಮ್ಮನೆ ಯಾವುದೋ ಸಂಖ್ಯೆ ಅಲ್ಲ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಇರುವಂಥವು. ಅವನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಅವುಗಳಲ್ಲಿ ಒಂದು ಇದು:

27994681 × 441 = 12345654321

ಮೇಷ್ಟ್ರು ನನ್ನ ಕೈಲೇ ಗುಣಿಸಿದರು. ನಾನೂರರಿಂದ ಗುಣಿಸಿದರೆ 11197872400. ನಲವತ್ತರಿಂದ 1119787240. ಒಂದರಿಂದ 27994681. ಮೂರನ್ನೂ ಕೂಡಿಸಿ. ಅಂಕುಡೊಂಕಾದ ಮೂರು ಸಾಲುಗಳಿಂದ ಏಣಿ ಹತ್ತಿ ಇಳಿದ ಹಾಗೆ ಆ ಸಂಖ್ಯೆ ಬಂದು ಕೂತಾಗ ನಿಜಕ್ಕೂ ಮೈ ಜುಂ ಅಂದಿತು. ನೀವೂ ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಫೋನು ಬೇಡ.

ಹಾರದ ಒಳಗಿನ ದಾರ

ಈ ಸಂಖ್ಯೆ ಎಲ್ಲಿಂದ ಬಂತು? 12345654321 ಅಂದರೆ 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಶಾಲೆಯ ಪದ್ಧತಿಯಲ್ಲಿ ಗುಣಿಸಿ. ಆರು ಸಾಲು ಬರುತ್ತದೆ, ಪ್ರತಿ ಸಾಲೂ 111111, ಒಂದೊಂದೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಮೆಟ್ಟಿಲು ಜೋಡಿಸಿದ ಹಾಗೆ. ಈಗ ಕಂಬಸಾಲು ಕೂಡಿಸಿ. ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ಆಮೇಲೆ ಮೂರು, ಹೀಗೆ ನಡುವಿನಲ್ಲಿ ಆರು ಒಂದುಗಳು ಒಂದರ ಕೆಳಗೊಂದು ಬರುತ್ತವೆ. ಅಲ್ಲಿಂದ ಆಚೆ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬಸಾಲಿನಲ್ಲೂ ಮೊತ್ತ ಒಂಬತ್ತನ್ನು ದಾಟುವುದಿಲ್ಲ, ಆದ್ದರಿಂದ ದಶಕ ಇಲ್ಲ. ಹಾರ ಮುರಿಯುವುದಿಲ್ಲ.

ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳ ವರ್ಗ ತೆಗೆದರೆ ನಡುವಿನ ಕಂಬಸಾಲಿನಲ್ಲಿ ಹತ್ತು ಬರುತ್ತದೆ, ದಶಕ ಪಕ್ಕದ ಮನೆಗೆ ನುಗ್ಗುತ್ತದೆ, ಉತ್ತರ 1234567900987654321 ಆಗಿ ಹಾರ ಹರಿದುಹೋಗುತ್ತದೆ.

ಇನ್ನು 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಮೊದಲ ಎರಡನ್ನು ಗುಣಿಸಿದರೆ 21, ಉಳಿದ ಮೂರನ್ನು ಗುಣಿಸಿದರೆ 5291. 21ರ ವರ್ಗ 441. 5291ರ ವರ್ಗ 27994681. ಮಹಾವೀರಾಚಾರ್ಯರ ಲೆಕ್ಕದ ಎರಡು ಸಂಖ್ಯೆಗಳೂ ಇವೇ! ಅಂದರೆ ಎರಡು ವರ್ಗಗಳ ಗುಣಲಬ್ಧವಾಗಿ ಒಂದು ವರ್ಗ. ಅಂಕಿಗಳನ್ನು ಕೂಡಿಸಿದರೆ 36, ಅದೂ ಆರರ ವರ್ಗ. ಮೆಟ್ಟಿಲು ಸಾಲಿನಲ್ಲಿ ಇದ್ದ ಒಂದುಗಳು ಆರಾರಲಿ ಮೂವತ್ತಾರು ತಾನೇ, ಒಂದೂ ಕಳೆದುಹೋಗಿಲ್ಲ.

ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುವುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಇದನ್ನು 122 ಬಗೆಯಲ್ಲಿ ಬರೆಯಬಹುದು. ಅಷ್ಟರಲ್ಲಿ ಅವರು ಆರಿಸಿದ್ದು, ಗುಣಕ ಮೂರೇ ಅಂಕಿಯದಾಗಿದ್ದು, ಗುಣ್ಯವನ್ನು ನೋಡಿದರೆ ಹಾರದ ಸುಳಿವೇ ಸಿಗದ ಜೋಡಿಯನ್ನು. 27994681ನ್ನು ನೋಡಿ ಯಾರಿಗಾದರೂ ಅನುಮಾನ ಬರುತ್ತದೆಯೇ?

ಉಳಿದ ಹಾರಗಳೂ ಸೊಗಸಾಗಿವೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಯಲ್ಲಿ ಎರಡು ಮಣಿ, ನಡುವೆ ಬರೀ ಸೊನ್ನೆಗಳ ದಾರ. ಆರು ಮೂರುಗಳು, ಐದು ಆರುಗಳು, ಕೊನೆಗೊಂದು ಏಳು ಬರೆದು ಬರುವ 333333666667ನ್ನು 33ರಿಂದ ಗುಣಿಸಿದರೆ 11000011000011. ಪುಟ್ಟದೂ ಇದೆ: 139 × 109 = 15151. ಇದರಲ್ಲಿ ಎರಡೂ ಅವಿಭಾಜ್ಯ ಸಂಖ್ಯೆಗಳು, ಒಂದರಿಂದ ಗುಣಿಸುವುದನ್ನು ಬಿಟ್ಟರೆ 15151ನ್ನು ಒಡೆಯಲು ಬೇರೆ ದಾರಿಯೇ ಇಲ್ಲ.

ಶಾಸನಪ್ರಿಯರಿಗೆ ಇಷ್ಟವಾಗುವಂಥದ್ದು ಇನ್ನೊಂದು. 11011011ನ್ನು 91ರಿಂದ ಗುಣಿಸಿದರೆ 1002002001. ಇದನ್ನು ಅವರು ರಾಜಕುಮಾರನಿಗೆ ತಕ್ಕ ಹಾರ ಅನ್ನುತ್ತಾರೆ. ರಾಷ್ಟ್ರಕೂಟರ ತಾಮ್ರಪಟ ಓದಿದವರಿಗೆ ಇಲ್ಲಿ ಕಂಠಿಕೆ ನೆನಪಾಗಬೇಕು. ಯುವರಾಜ ಪದವಿಯ ಗುರುತಾಗಿ ಕೊರಳಿಗೆ ಹಾಕುತ್ತಿದ್ದ ಹಾರ ಅದು. ಅಮೋಘವರ್ಷನ ತಂದೆ ಮೂರನೆಯ ಗೋವಿಂದನಿಗೆ ಅವನ ತಂದೆ ಧ್ರುವ ಕಂಠಿಕೆ ಕೊಟ್ಟ ಸಂಗತಿ ಆ ವಂಶದ ಶಾಸನಗಳಲ್ಲಿ ಬರುತ್ತದೆ. ಅಂಥ ಕಾಲದ ಓದುಗರಿಗೆ ರಾಜಕುಮಾರನ ಹಾರ ಅಂದ ಕೂಡಲೇ ಕಣ್ಣ ಮುಂದೆ ಏನು ಬಂದಿರಬಹುದು ಅನ್ನುವುದು ನನ್ನ ಊಹೆ ಅಷ್ಟೇ, ಆದರೆ ಬಿಡಲಾರದ ಊಹೆ.

ಕಲ್ಲಿನ ಮೇಲೆ ಬೇರೆಯದೇ ಲೆಕ್ಕ

ಈಗ ಪುಸ್ತಕ ಮುಚ್ಚಿ ಕಲ್ಲಿನ ಕಡೆ ಬರೋಣ. ಅದೇ ಅಮೋಘವರ್ಷನ ನೀಲಗುಂದ, ಶಿರೂರು ಶಾಸನಗಳನ್ನು ನೋಡಿ. ಎರಡೂ ಶಕ 788ರವು, ಅಂದರೆ ಕ್ರಿ.ಶ. 866, ಅವನ ಆಳ್ವಿಕೆಯ ಐವತ್ತೆರಡನೆಯ ವರ್ಷ. ಶಿರೂರಿನ ಕಲ್ಲಿನಲ್ಲಿ ವರ್ಷವನ್ನು ಬಾಯಲ್ಲಿ ಹೇಳುವ ಹಾಗೆ, ಏಳು ನೂರು, ಎಂಬತ್ತು, ಎಂಟು ಅಂತ ಕನ್ನಡ ಪದಗಳಲ್ಲಿ ಕೊಟ್ಟಿದೆ. ಇಲ್ಲಿ ಪ್ರತಿ ತುಂಡೂ ತನ್ನ ತೂಕವನ್ನು ತಾನೇ ಹೊತ್ತುಕೊಂಡು ಬರುತ್ತದೆ. ನೂರು ಅನ್ನುವ ಪದ ಎಲ್ಲಿದ್ದರೂ ನೂರೇ.

ಇದರ ಬಲ ಏನು ಅಂತ ತಿಳಿಯಬೇಕಾದರೆ ಐಹೊಳೆಗೆ ಹೋಗಬೇಕು. ಮೇಗುಟಿ ಗುಡಿಯ ಶಾಸನದಲ್ಲಿ ರವಿಕೀರ್ತಿ ಭಾರತ ಯುದ್ಧದಿಂದ ಕಳೆದ ವರ್ಷಗಳನ್ನು ಹೇಳುವಾಗ ಮೊದಲು ಮೂವತ್ತು, ಆಮೇಲೆ ಮೂರು ಸಾವಿರ, ಆಮೇಲೆ ಏಳು ನೂರು, ಕೊನೆಗೆ ಐದು ಅನ್ನುತ್ತಾನೆ. ಶಕವರ್ಷ ಹೇಳುವಾಗ ಐವತ್ತು, ಆರು, ಐದು ನೂರು. ಕ್ರಮ ಪೂರಾ ಚೆಲ್ಲಾಪಿಲ್ಲಿ, ಛಂದಸ್ಸು ಕೇಳಿದ ಹಾಗೆ. ಆದರೂ ಯಾರೂ ತಪ್ಪು ಓದಲು ಆಗುವುದಿಲ್ಲ: 3735 ಮತ್ತು 556. ಎರಡರ ವ್ಯತ್ಯಾಸ 3179, ಕಲಿವರ್ಷಕ್ಕೂ ಶಕವರ್ಷಕ್ಕೂ ಇರಬೇಕಾದ ಅಂತರವೇ ಅದು. ಕ್ರಿ.ಶ. 634-35 ಅಂತ ನಾವು ಧೈರ್ಯವಾಗಿ ಹೇಳುವುದು ಇದರಿಂದಲೇ.

ಅದಕ್ಕೂ ಹಿಂದೆ, ಸಾತವಾಹನರ ನಾಣೇಘಾಟ್ ಶಾಸನದಲ್ಲಿ ಅಂಕಿಗಳಿವೆ. ಆದರೆ ಅಲ್ಲಿ ಹತ್ತಕ್ಕೆ ಒಂದು ಚಿಹ್ನೆ, ಇಪ್ಪತ್ತಕ್ಕೆ ಇನ್ನೊಂದು, ನೂರಕ್ಕೆ, ಸಾವಿರಕ್ಕೆ ಮತ್ತೊಂದು. ಅಲ್ಲೂ ತೂಕ ಇರುವುದು ಚಿಹ್ನೆಯಲ್ಲಿ, ಜಾಗದಲ್ಲಲ್ಲ.

ಈಗ ನಮ್ಮ ಹಾರವನ್ನು ಮಾತಿನಲ್ಲಿ ಹೇಳಿ ನೋಡಿ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಾರ ಎಲ್ಲಿ ಹೋಯಿತು? ಕಾಣುವುದೇ ಇಲ್ಲ. ಮಹಾವೀರಾಚಾರ್ಯರ ಬಳಿ ದೊಡ್ಡ ಸಂಖ್ಯೆಗಳಿಗೆ ಹೆಸರಿಲ್ಲದೆ ಇರಲಿಲ್ಲ. ಅವರು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತಾರೆ, ಅದರಲ್ಲಿ ಈ ಸಂಖ್ಯೆಯ ಮೊದಲ ಅಂಕಿ ಕೂರುವುದು ಅರ್ಬುದದ ಸ್ಥಾನದಲ್ಲಿ. ಆದರೂ ಈ ಸಂಖ್ಯೆಯನ್ನು ಹೇಳುವಾಗ ಆ ಹೆಸರುಗಳನ್ನು ಅವರು ಮುಟ್ಟುವುದಿಲ್ಲ. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವುದು, ಅಂತ ಅದರ ಆಕಾರವನ್ನು ಹೇಳಿ ಮುಗಿಸುತ್ತಾರೆ.

ಇದು ಎಷ್ಟು ದೊಡ್ಡ ಮಾತು ಅಂತ ನನಗೆ ಆ ದಿನ ಹೊಳೆಯಿತು. ಅಂಕಿಯ ತೂಕ ಅದು ಕೂತ ಜಾಗದಿಂದ ಬರುತ್ತದೆ ಅಂತ ಓದುಗರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಈ ವರ್ಣನೆಗೆ ಅರ್ಥ. ಗಣಿತದ ಇತಿಹಾಸಕಾರರು ಈ ಜಾಗವನ್ನು ಸ್ಥಾನಮೌಲ್ಯ ಪದ್ಧತಿಗೆ ಸಾಕ್ಷಿಯಾಗಿ ಎತ್ತಿ ತೋರಿಸುವುದು ಸುಮ್ಮನೆ ಅಲ್ಲ. ಆಸ್ಥಾನದ ವಿದ್ವಾಂಸ ಹನ್ನೊಂದು ಅಂಕಿಗಳನ್ನು ಮಣಿಯ ಹಾಗೆ ಪೋಣಿಸಿ ಆಡುತ್ತಿದ್ದ ಕಾಲದಲ್ಲೇ, ಅದೇ ರಾಜನ ಕಲ್ಲು ವರ್ಷವನ್ನು ಪದಗಳಲ್ಲಿ ಹೇಳುತ್ತಿತ್ತು. ಒಂದು ಮುಂದುವರಿದದ್ದು, ಇನ್ನೊಂದು ಹಿಂದುಳಿದದ್ದು ಅಂತಲ್ಲ. ಕಲ್ಲಿನ ಕೆಲಸವೇ ಬೇರೆ. ದಾನ ಕೊಟ್ಟ ವರ್ಷ ಮುನ್ನೂರು ವರ್ಷ ಕಳೆದ ಮೇಲೂ ತಕರಾರಿಗೆ ಎಡೆಯಾಗಬಾರದು. ಇಂದಿಗೂ ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯ ಜೊತೆ ಅಕ್ಷರದಲ್ಲೂ ಬರೆಯುತ್ತೇವಲ್ಲ, ಅದೇ ಎಚ್ಚರಿಕೆ.

ಕಲ್ಲಿಗೆ ಅಂಕಿ ಬರುವ ಕಾಲವೂ ಆಗಿತ್ತು. ಕ್ರಿ.ಶ. 876ರ ಗ್ವಾಲಿಯರ್ ಚತುರ್ಭುಜ ಗುಡಿಯ ಶಾಸನವನ್ನು ನೀವೆಲ್ಲ ಫೋಟೋದಲ್ಲಾದರೂ ನೋಡಿರುತ್ತೀರಿ. ರಾಷ್ಟ್ರಕೂಟರ ಎದುರಾಳಿಗಳಾದ ಪ್ರತೀಹಾರರ ಭೋಜನ ಕಾಲದ್ದು, ಇತ್ತ ಅಮೋಘವರ್ಷ ಇನ್ನೂ ಬದುಕಿದ್ದ. ಅದರಲ್ಲಿ ಹೂದೋಟಕ್ಕೆ ಕೊಟ್ಟ ಜಮೀನಿನ ಅಳತೆ 270 ಮತ್ತು 187 ಹಸ್ತ ಅಂತ ಅಂಕಿಯಲ್ಲಿದೆ. ಆ ತೋಟದಿಂದ ದೇವರಿಗೆ ದಿನಕ್ಕೆ 50 ಹೂಮಾಲೆ. 270ರಲ್ಲೂ 50ರಲ್ಲೂ ದುಂಡಗೆ ಕೂತಿರುವ ಸೊನ್ನೆಯನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ದಕ್ಷಿಣದಲ್ಲಿ ಅಂಕಿಗಳ ಹಾರ, ಉತ್ತರದಲ್ಲಿ ಹೂವಿನ ಹಾರಕ್ಕೆ ಅಂಕಿ, ಕೆಲವೇ ದಶಕಗಳ ಅಂತರದಲ್ಲಿ. ಇದು ಕಾಕತಾಳೀಯ ಅಂತ ಗೊತ್ತಿದ್ದರೂ ಹೇಳದೆ ಇರಲಾಗಲಿಲ್ಲ.

ಭೂತಸಂಖ್ಯೆ ಈ ಎರಡು ಲೋಕಗಳ ನಡುವೆ ನಿಂತಿದೆ. ನೋಡಲು ಅದು ಪದ, ಆದರೆ ನಡೆಯುವುದು ಅಂಕಿಯ ಹಾಗೆ. ವೇದ ಅನ್ನುವ ಪದ ನಾಲ್ಕೋ, ನಲವತ್ತೋ, ನಾಲ್ಕು ನೂರೋ ಅಂತ ಹೇಳುವುದು ಅದು ನಿಂತ ಜಾಗ. ಐಹೊಳೆಯ ಐದು ನೂರನ್ನು ಎಲ್ಲಿ ಸರಿಸಿದರೂ ಅದು ಐದು ನೂರೇ. ನನ್ನ ಕಲ್ಲಿನ ವೇದವನ್ನು ಒಂದು ಮನೆ ಸರಿಸಿದ್ದಕ್ಕೆ ಹೊಯ್ಸಳ ಬಲ್ಲಾಳನ ಕಾಲ ಹೋಗಿ ವಿಜಯನಗರ ಬಂತು. ನಾನು ಪದ ಕಂಡು ಪದದ ಹಾಗೆ ಓದಿದ್ದೆ. ಅದು ಅಂಕಿಯಾಗಿತ್ತು.

ಹಾರದಂಥ ವರ್ಷಗಳಲ್ಲಿ ಮಾತ್ರ ಈ ಭಯ ಇಲ್ಲ. ಶಕ 1001, 1111, 1221, 1331, 1441, ಹೀಗೆ 110 ವರ್ಷಕ್ಕೊಮ್ಮೆ ಒಂದು ಬರುತ್ತದೆ. ಶಕ 1441 ಕೃಷ್ಣದೇವರಾಯನ ಕಾಲ, ಕ್ರಿ.ಶ. 1519-20. ಇಂಥ ವರ್ಷವನ್ನು ಎಡದಿಂದ ಓದಿ, ಬಲದಿಂದ ಓದಿ, ಏನೂ ಆಗುವುದಿಲ್ಲ. ಮುಂದಿನದು ಶಕ 1991, ಅಂದರೆ ಕ್ರಿ.ಶ. 2069-70. ಉಳಿದ 109 ವರ್ಷಗಳಿಗೆ ನಾವೇ ಎಚ್ಚರವಾಗಿರಬೇಕು.

ನಾನು ಈಗ ಪಾಲಿಸುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಅಕ್ಷರ ನೋಡುವುದು, ಯಾವ ಶತಮಾನದ ಬರವಣಿಗೆ ಅಂತ ಬರೆದಿಟ್ಟುಕೊಳ್ಳುವುದು. ಆಮೇಲೆ ಭೂತಸಂಖ್ಯೆಯನ್ನು ಎಡಗತಿಯಲ್ಲಿ ಓದುವುದು. ಆಮೇಲೆ ಬೇಕೆಂದೇ ತಿರುಗಿಸಿ ಓದಿ, ಸಂವತ್ಸರ ಅದಕ್ಕೂ ಹೊಂದುತ್ತದೆಯೇ ಅಂತ ನೋಡುವುದು. ಎರಡಕ್ಕೂ ಹೊಂದಿದರೆ ಸಂವತ್ಸರವನ್ನು ಪಕ್ಕಕ್ಕಿಟ್ಟು ವಾರ, ತಿಥಿ, ಗ್ರಹಣ, ರಾಜನ ಹೆಸರು ಏನಾದರೂ ಇದೆಯೇ ಹುಡುಕುವುದು. ಏನೂ ಸಿಗದಿದ್ದರೆ ಅಕ್ಷರದ ಮಾತೇ ಕೊನೆಯ ಮಾತು.

ಮೇಷ್ಟ್ರ ಮನೆಯಿಂದ ಬಂದ ಮುಂದಿನ ಭಾನುವಾರವೇ ಆ ಊರಿಗೆ ಹೋದೆ, ಒಂದು ಚಿಕ್ಕ ಡಬ್ಬಿ ಬಣ್ಣ, ಎರಡು ಬ್ರಷ್ ಹಿಡಿದುಕೊಂಡು. ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಅರ್ಚಕರು ಪೂರ್ತಿ ಕೇಳಿದರು. "ಅಂದ್ರೆ ನಮ್ಮ ದೇವರು ಇನ್ನೂ ಹಳಬ ಅನ್ನಿ," ಅಂದರು. ಬೇಜಾರಿರಲಿ, ಅವರ ಮುಖ ಅರಳಿತ್ತು. "ಏನೇನು ಬದಲಾಯಿಸಬೇಕು?"

ನಡುವಿನ ಎರಡು ಅಂಕಿ ಅದಲು ಬದಲು ಮಾಡಿದರೆ ಸಾಕು ಅಂದೆ. ಸ್ಟೂಲು ತಂದುಕೊಟ್ಟರು. ನಾನು 4ರ ಮೇಲೆ ಬಿಳಿ ಬಳಿದು 2 ಬರೆದೆ, 2ರ ಮೇಲೆ ಬಿಳಿ ಬಳಿದು 4 ಬರೆದೆ. ಹತ್ತು ನಿಮಿಷದ ಕೆಲಸ. ಹಳೆಯ ಅಂಕಿಗಳು ಬಣ್ಣದ ಅಡಿಯಿಂದ ಈಗಲೂ ಸ್ವಲ್ಪ ಕಾಣುತ್ತವೆ. ಹೋದಾಗಲೆಲ್ಲ ಒಮ್ಮೆ ನೋಡಿ ಬರುತ್ತೇನೆ.